ಶಿಲಾಯುಗದ ಊಟ: ಒಂದು ಪ್ರಯೋಗದ ಇತಿಹಾಸ

(ಕನ್ನಡ ಕೂಟದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನುಷ್ಯನು ಏನನ್ನು ತಿನ್ನಬೇಕೆಂಬ ಪ್ರಶ್ನೆ ಮನುಷ್ಯನಷ್ಟೇ ಹಳೆಯದು. ಆ ಪ್ರಶ್ನೆಗೆ ನಮ್ಮ ಕಾಲದಲ್ಲಿ ಹುಟ್ಟಿರುವ ಒಂದು ಉತ್ತರ ಮಾತ್ರ ಕುತೂಹಲಕರವಾದದ್ದು. ಹೊಲ ಉಳುವುದನ್ನು ಕಲಿಯುವ ಮೊದಲು, ಹಸುವಿನ ಹಾಲು ಕರೆಯುವುದನ್ನು ಕಲಿಯುವ ಮೊದಲು ನಮ್ಮ ಪೂರ್ವಿಕರು ಏನನ್ನು ತಿನ್ನುತ್ತಿದ್ದರೋ ಅದನ್ನೇ ನಾವೂ ತಿನ್ನಬೇಕೆಂಬುದೇ ಆ ಉತ್ತರ. ಅಕ್ಕಿ, ಗೋಧಿ, ಬೇಳೆ, ಹಾಲು, ಸಕ್ಕರೆ ಇವೆಲ್ಲ ಮಾನವ ಚರಿತ್ರೆಯಲ್ಲಿ ನಿನ್ನೆ ಮೊನ್ನೆ ಬಂದವು. ಮಾಂಸ, ಮೀನು, ಗೆಡ್ಡೆ, ಸೊಪ್ಪು, ಹಣ್ಣು ಇವು ಲಕ್ಷಾಂತರ ವರ್ಷಗಳಿಂದ ನಮ್ಮ ದೇಹಕ್ಕೆ ಪರಿಚಿತವಾದವು ಎಂಬುದು ಇದರ ಹಿಂದಿರುವ ತರ್ಕ. ಹಳೆ ಶಿಲಾಯುಗಕ್ಕೆ ಪಾಶ್ಚಾತ್ಯ ವಿದ್ವಾಂಸರು ಇಟ್ಟ ಹೆಸರಿನಿಂದ ಈ ಕ್ರಮಕ್ಕೆ 'ಪೇಲಿಯೊ' ಆಹಾರವೆಂಬ ಹೆಸರು ಬಂದಿದೆ. ಇದನ್ನು ಒಪ್ಪಿದವರಲ್ಲೇ ಇನ್ನೊಂದು ಪಂಗಡ ಮತ್ತೂ ಮುಂದೆ ಹೋಗಿ, ಮಾಂಸವೂ ಪ್ರಾಣಿಗಳ ಕೊಬ್ಬೂ ಇದ್ದರೆ ಸಾಕು, ಉಳಿದದ್ದು ಬೇಡವೆನ್ನುತ್ತದೆ.

ಈ ವಿಚಾರ ಪರದೇಶದಲ್ಲಿರುವ ನಮ್ಮ ಮನೆಗಳ ಊಟದ ಮೇಜಿಗೂ ಬಂದಿದೆ. ಸಕ್ಕರೆ ಕಾಯಿಲೆ ಕಾಣಿಸಿಕೊಂಡ ತಂದೆಗೆ ವೈದ್ಯರು ಅನ್ನವನ್ನು ಕಡಿಮೆ ಮಾಡಿರೆನ್ನುತ್ತಾರೆ. ಇಲ್ಲಿಯೇ ಬೆಳೆದ ಮಗ, ಅನ್ನವನ್ನು ಪೂರ್ತಿ ಬಿಟ್ಟು ಮಾಂಸವನ್ನೂ ಕೊಬ್ಬನ್ನೂ ಅಂಜದೆ ತಿನ್ನಿರೆನ್ನುತ್ತಾನೆ. ತಲೆಮಾರುಗಳಿಂದ ಮಾಂಸ ಮುಟ್ಟದ ಮನೆಯಾದರೆ ತಾಯಿ ತುಪ್ಪದ ಬಟ್ಟಲನ್ನು ಮುಂದಿಡಬೇಕೋ ಹಿಂದಿಡಬೇಕೋ ತಿಳಿಯದೆ ನಿಲ್ಲುತ್ತಾಳೆ. ಇದು ಕೇವಲ ಚರ್ಚೆಯ ವಿಷಯವಲ್ಲ. ನಮ್ಮ ಜನರಲ್ಲಿ ಹೃದ್ರೋಗ ಎಷ್ಟು ಬೇಗ ಬರುತ್ತದೆಂಬುದನ್ನು ಬಲ್ಲವರಿಗೆ ಇದು ಪ್ರಾಣದ ಪ್ರಶ್ನೆ. ಆದ್ದರಿಂದ ಇದನ್ನು ಪಕ್ಷ ಕಟ್ಟಿ ವಾದಿಸುವ ಬದಲು ಚರಿತ್ರೆಯ ಬೆಳಕಿನಲ್ಲಿ ನೋಡುವುದು ನಮ್ಮ ಉದ್ದೇಶ. ಮಾಂಸಾಹಾರ ಸಸ್ಯಾಹಾರಗಳ ಧಾರ್ಮಿಕ, ನೈತಿಕ ವಿಚಾರವನ್ನು ಇಲ್ಲಿ ನಾವು ಎತ್ತಿಕೊಂಡಿಲ್ಲ; ಆರೋಗ್ಯವೊಂದೇ ನಮ್ಮ ವಿಷಯ.

ಮಾಂಸ ಮತ್ತು ಕೊಬ್ಬಿನ ಆಹಾರವನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮುಂದಿಡುವ ಒಂದು ಸಾಕ್ಷ್ಯವಿದೆ. 1928ರಲ್ಲಿ ನ್ಯೂಯಾರ್ಕ್ ನಗರದ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಣೆದುರಿನಲ್ಲಿ ಇಬ್ಬರು ಗಂಡಸರು ಒಂದು ವರ್ಷ ಮಾಂಸವನ್ನು ಮಾತ್ರ ತಿಂದು ಆರೋಗ್ಯವಾಗಿದ್ದರೆಂಬುದೇ ಆ ಸಾಕ್ಷ್ಯ. ಈ ಪ್ರಯೋಗ ನಡೆದದ್ದು ನಿಜ. ಅದು ಪ್ರಾಮಾಣಿಕವಾಗಿಯೇ ನಡೆಯಿತು. ಅದು ಏಕೆ ನಡೆಯಿತು, ಏನನ್ನು ಸಿದ್ಧಪಡಿಸಿತು, ಯಾವ ಪ್ರಶ್ನೆಯನ್ನು ಅದು ಕೇಳಲೇ ಇಲ್ಲ ಎಂಬುದನ್ನು ತಿಳಿದರೆ ನಮ್ಮ ಪ್ರಶ್ನೆಗೂ ಅರ್ಧ ಉತ್ತರ ದೊರೆತಂತಾಗುತ್ತದೆ.

ಉತ್ತರದ ಹಿಮದಲ್ಲಿ

ಈ ಕಥೆಯ ನಾಯಕ ವಿಲ್ಯಾಲ್ಮರ್ ಸ್ಟೆಫಾನ್ಸನ್. ಐಸ್‌ಲೆಂಡಿನಿಂದ ಕೆನಡಾಕ್ಕೆ ವಲಸೆ ಬಂದ ತಂದೆತಾಯಿಗಳ ಮಗನಾಗಿ 1879ರಲ್ಲಿ ಮ್ಯಾನಿಟೋಬಾ ಪ್ರಾಂತದಲ್ಲಿ ಹುಟ್ಟಿದನು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮೊದಲು ಧರ್ಮಶಾಸ್ತ್ರವನ್ನೂ ಅನಂತರ ಮಾನವಶಾಸ್ತ್ರವನ್ನೂ ಓದಿದನು. 1906ರಲ್ಲಿ ಒಂದು ಧ್ರುವಯಾತ್ರೆಯ ತಂಡವನ್ನು ಕೂಡಿಕೊಳ್ಳಲು ಮೆಕೆಂಝೀ ನದಿಯ ದಾರಿಯಿಂದ ಉತ್ತರ ಸಮುದ್ರದ ಕಡೆಗೆ ಹೊರಟನು. ಸಾಮಾನು ಸರಂಜಾಮುಗಳನ್ನು ಹೊತ್ತ ಹಡಗು ಅಲ್ಲಿಗೆ ಬರಲಿಲ್ಲ. ಚಳಿಗಾಲ ಕಳೆಯಲು ಅಲ್ಲಿಯ ಇನ್ಯೂಯಿಟ್ ಜನರ ಮನೆಗಳೇ ಅವನಿಗೆ ಗತಿಯಾದವು. ಹಿಂದಿನವರು ಎಸ್ಕಿಮೊ ಎಂದು ಕರೆಯುತ್ತಿದ್ದುದು ಈ ಜನರನ್ನೇ.

ಅಲ್ಲಿ ಊಟವೆಂದರೆ ಮುಖ್ಯವಾಗಿ ಮೀನು. ಬೇಯಿಸಿದ ಮೀನು, ಹೆಪ್ಪುಗಟ್ಟಿದ ಹಸಿ ಮೀನು, ಜೊತೆಗೆ ತಿಮಿಂಗಿಲದ ಎಣ್ಣೆ. ರೊಟ್ಟಿಯಿಲ್ಲ, ತರಕಾರಿಯಿಲ್ಲ, ಉಪ್ಪೂ ಇಲ್ಲ. ಚಿಕ್ಕಂದಿನಿಂದ ಮೀನನ್ನು ಕಂಡರಾಗದ ಸ್ಟೆಫಾನ್ಸನ್ನನಿಗೆ ಮೊದಲ ದಿನಗಳು ಕಷ್ಟವಾದವು. ಕೆಲವು ತಿಂಗಳಲ್ಲಿ ಅದೇ ರೂಢಿಯಾಯಿತು. ಉಪ್ಪಿನ ಬಯಕೆಯೂ ಅಡಗಿತು. ತಾನು ದುರ್ಬಲನಾಗಲಿಲ್ಲ, ಕಾಯಿಲೆ ಬೀಳಲಿಲ್ಲ ಎಂಬುದು ಅವನನ್ನು ಬೆರಗುಗೊಳಿಸಿತು. ಮುಂದೆ 1908ರಿಂದ 1912ರವರೆಗೆ, ಮತ್ತೆ 1913ರಿಂದ 1918ರವರೆಗೆ ಅವನು ಹಿಮಪ್ರದೇಶದಲ್ಲಿ ಅಲೆದನು. ಸೀಲ್ ಎಂಬ ಕಡಲಪ್ರಾಣಿ, ಹಿಮಕರಡಿ, ಕ್ಯಾರಿಬೂ ಎಂಬ ಧ್ರುವದ ಜಿಂಕೆ ಇವುಗಳನ್ನು ಬೇಟೆಯಾಡಿ, ಎಲ್ಲ ಸೇರಿ ಐದು ವರ್ಷಕ್ಕೂ ಮಿಕ್ಕಿ ಮಾಂಸ ಮೀನುಗಳ ಮೇಲೆಯೇ ಬದುಕಿದ್ದಾಗಿ ಹೇಳಿಕೊಂಡನು. ಈ ಕೊನೆಯ ಯಾತ್ರೆಯಲ್ಲಿ ಕಾರ್ಲಕ್ ಎಂಬ ಹಡಗು ಹಿಮದಲ್ಲಿ ಸಿಕ್ಕಿ ಒಡೆದು 11 ಮಂದಿ ಸತ್ತರು. ಆಗ ಬೇಟೆಗೆಂದು ಹಡಗು ಬಿಟ್ಟು ಹೋಗಿದ್ದ ನಾಯಕನ ಮೇಲೆ ಕಟುಟೀಕೆಗಳು ಬಂದವು. ಅವನು ದೋಷರಹಿತ ಮನುಷ್ಯನೆಂದು ನಾವು ಹೇಳುತ್ತಿಲ್ಲ. ಆದರೆ ಆಹಾರದ ವಿಷಯದಲ್ಲಿ ಅವನು ತಾನು ಹೇಳಿದ್ದನ್ನು ತನ್ನ ದೇಹದ ಮೇಲೆಯೇ ಪರೀಕ್ಷಿಸಲು ಮುಂದಾದವನು.

ಆ ಕಾಲದ ಭಯ

ಅಂದಿನ ವೈದ್ಯಲೋಕ ಅವನ ಮಾತನ್ನು ಏಕೆ ನಂಬಲಿಲ್ಲವೆಂಬುದನ್ನು ಅರಿಯಬೇಕಾದರೆ ಸ್ಕರ್ವಿ ರೋಗದ ಕಥೆಯನ್ನು ನೆನೆಯಬೇಕು. ವಸಡು ಕೊಳೆತು, ಹಲ್ಲು ಸಡಿಲಗೊಂಡು, ಹಳೆಯ ಗಾಯಗಳು ಮತ್ತೆ ಬಾಯ್ಬಿಟ್ಟು ನಾವಿಕರು ಸಾಯುತ್ತಿದ್ದ ರೋಗವಿದು. ನಿಂಬೆ ಜಾತಿಯ ಹಣ್ಣುಗಳಿಂದ ಅದು ವಾಸಿಯಾಗುವುದು 18ನೆಯ ಶತಮಾನದಲ್ಲೇ ತಿಳಿದಿತ್ತು. ಹಣ್ಣು ತರಕಾರಿಗಳಿಲ್ಲದೆ ಮನುಷ್ಯ ಬದುಕಲಾರನೆಂಬ ನಂಬಿಕೆ ಅದರಿಂದ ಬಲವಾಗಿತ್ತು. 1875–76ರಲ್ಲಿ ನೇರ್ಸ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಉತ್ತರಧ್ರುವದ ಕಡೆಗೆ ಹೋದ ಬ್ರಿಟಿಷ್ ತಂಡ ಸ್ಕರ್ವಿಯಿಂದ ಜರ್ಜರಿತವಾಗಿ ಹಿಂದಿರುಗಿತು. ಇದಕ್ಕೆ ಪ್ರತಿಯಾಗಿ ನಾರ್ವೆಯ ನಾನ್ಸೆನ್ ಮತ್ತು ಯೊಹಾನ್ಸೆನ್ 1895–96ರ ಚಳಿಗಾಲವನ್ನು ಒಂದು ನಿರ್ಜನ ದ್ವೀಪದಲ್ಲಿ ಕರಡಿ ಮತ್ತು ವಾಲ್ರಸ್ ಮಾಂಸದ ಮೇಲೆ ಕಳೆದು ರೋಗವಿಲ್ಲದೆ ಮರಳಿದರು.

ಸ್ಟೆಫಾನ್ಸನ್ನನ ತಂಡದಲ್ಲಿಯೇ 1917ರಲ್ಲಿ ಇಂಥ ಪ್ರಸಂಗ ನಡೆಯಿತು. ಕೆಲವರು ಬೇಟೆಯ ಮಾಂಸ ಬಿಟ್ಟು, ಹಿಂದೆ ಬಂದ ಹಡಗಿನವರು ಇರಿಸಿಹೋಗಿದ್ದ ಹಳೆಯ ದಾಸ್ತಾನಿನ ತಿನಿಸುಗಳನ್ನೇ ತಿಂದು ಸ್ಕರ್ವಿಗೆ ತುತ್ತಾದರು. ಹೊಸದಾಗಿ ಬೇಟೆಯಾಡಿದ ಕ್ಯಾರಿಬೂ ಮಾಂಸವನ್ನು ಹಸಿಯಾಗಿಯೂ ಅರೆಬೇಯಿಸಿಯೂ ತಿನ್ನಿಸಿದಾಗ ಅವರು ಬೇಗ ಚೇತರಿಸಿಕೊಂಡರು. ಇದನ್ನು ಅವನು 1918ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಇದರ ಕಾರಣ ಇಂದು ನಮಗೆ ತಿಳಿದಿದೆ. ಸ್ಕರ್ವಿಯನ್ನು ತಡೆಯಲು ದಿನಕ್ಕೆ ಸುಮಾರು 10 ಮಿಲಿಗ್ರಾಂ 'ಸಿ' ಜೀವಸತ್ತ್ವ ಸಾಕು. ತಾಜಾ ಮಾಂಸದಲ್ಲಿ ಅದು ಅತ್ಯಲ್ಪ ಪ್ರಮಾಣದಲ್ಲಿಯೂ, ಯಕೃತ್ತಿನಲ್ಲಿಯೂ ತಿಮಿಂಗಿಲದ ಚರ್ಮದಲ್ಲಿಯೂ ಹೆಚ್ಚಾಗಿಯೂ ಇರುತ್ತದೆ. ಬಹಳ ಹೊತ್ತು ಬೇಯಿಸಿದರೆ, ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟರೆ ಅದು ನಾಶವಾಗುತ್ತದೆ. ಹೀಗಾಗಿ ಒಬ್ಬರನ್ನು ಉಳಿಸಿದ ಮಾಂಸವೇ ಇನ್ನೊಬ್ಬರನ್ನು ಉಳಿಸಲಿಲ್ಲ. 'ಮಾಂಸ' ಎಂಬುದು ಒಂದೇ ವಸ್ತುವಲ್ಲವೆಂಬ ಈ ಮಾತು ಮುಂದೆಯೂ ನಮ್ಮ ಉಪಯೋಗಕ್ಕೆ ಬರುತ್ತದೆ.

ಬೆಲ್‌ವ್ಯೂ ಆಸ್ಪತ್ರೆಯಲ್ಲಿ

ಹಿಮದಲ್ಲಿ ನಡೆದದ್ದು ಹಿಮಕ್ಕೇ ಸರಿ, ಚಳಿಯಲ್ಲಿ ದುಡಿಯುವವರಿಗೆ ಹೊಂದುವ ಊಟ ನಗರವಾಸಿಗೆ ಹೊಂದಲಾರದು ಎಂದು ಆಕ್ಷೇಪಿಸಿದವರಿಗೆ ಉತ್ತರವಾಗಿ 1928ರ ಪ್ರಯೋಗ ಏರ್ಪಟ್ಟಿತು. ರಸೆಲ್ ಸೇಜ್ ರೋಗವಿಜ್ಞಾನ ಸಂಸ್ಥೆಯ ಯೂಜೀನ್ ಡುಬಾಯ್ಸ್ ಇದರ ಮುಖ್ಯಸ್ಥ. ಅಮೆರಿಕದ ಮಾಂಸ ಉದ್ಯಮಿಗಳ ಸಂಘ ಹಣ ಒದಗಿಸಿತು. ಫಲಿತಾಂಶ ಉದ್ಯಮಿಗಳಿಗೆ ಬೇಕಾದಂತೆ ಬಾರದಿದ್ದರೂ ಪ್ರಕಟವಾಗುವಂತೆ ವಿದ್ವಾಂಸರ ಮೇಲ್ವಿಚಾರಣೆಯಿತ್ತು. ಪ್ರಯೋಗಕ್ಕೊಳಗಾದವರು ಇಬ್ಬರು: ಆಗ 48 ವರ್ಷದವನಾಗಿದ್ದ ಸ್ಟೆಫಾನ್ಸನ್, ಮತ್ತು ಅವನ ಯಾತ್ರೆಯಲ್ಲಿ ಜೊತೆಗಿದ್ದ ಕಾರ್ಸ್ಟೆನ್ ಆಂಡರ್ಸನ್ ಎಂಬ ಡೇನ್. ಮೊದಲ ಕೆಲವು ವಾರ ಆಸ್ಪತ್ರೆಯಲ್ಲಿ ಹಗಲಿರುಳು ಕಾವಲಿನಲ್ಲಿಯೂ, ಬಳಿಕ ತಮ್ಮ ತಮ್ಮ ಮನೆಯಲ್ಲಿದ್ದು ಮೂತ್ರ ಪರೀಕ್ಷೆಗೆ ಒಳಗಾಗುತ್ತಲೂ ಅವರು ವರ್ಷ ಪೂರೈಸಿದರು.

ಆರಂಭದಲ್ಲಿಯೇ ನಡೆದ ಒಂದು ಸಣ್ಣ ಪರೀಕ್ಷೆ ಇಡೀ ಪ್ರಯೋಗದ ಸಾರವನ್ನು ಹೇಳುತ್ತದೆ. ವೈದ್ಯರು ಸ್ಟೆಫಾನ್ಸನ್ನನಿಗೆ ಕೊಬ್ಬನ್ನೆಲ್ಲ ತೆಗೆದ ಮಾಂಸವನ್ನು ಕೊಟ್ಟರು. ಎರಡು ಮೂರು ದಿನಗಳಲ್ಲಿಯೇ ಅವನಿಗೆ ವಾಕರಿಕೆ, ಭೇದಿ, ತಡೆಯಲಾಗದ ನಿಶ್ಶಕ್ತಿ ಕಾಣಿಸಿಕೊಂಡವು. ಕೊಬ್ಬಿರುವ ಮಾಂಸವನ್ನೂ ಕೊಬ್ಬಿನಲ್ಲಿ ಹುರಿದ ಮಿದುಳನ್ನೂ ಕೊಟ್ಟಕೂಡಲೆ ಸುಧಾರಿಸಿದನು. ಉತ್ತರದ ಕಾಡುಗಳ ಬೇಟೆಗಾರರಿಗೆ ಇದು ಹಳೆಯ ಅನುಭವ. ಮೈಯಲ್ಲಿ ಕೊಬ್ಬಿಲ್ಲದ ಮೊಲವನ್ನೇ ತಿಂದವರು ಹೊಟ್ಟೆ ತುಂಬಿದ್ದರೂ ಹಸಿದು ಸಾಯುತ್ತಾರೆಂದು ಅವರು ಬಲ್ಲರು. ಪ್ರೋಟೀನಿನಲ್ಲಿರುವ ಸಾರಜನಕವನ್ನು ಯೂರಿಯವಾಗಿ ಮಾರ್ಪಡಿಸಿ ಹೊರಹಾಕುವ ಯಕೃತ್ತಿನ ಶಕ್ತಿಗೆ ಒಂದು ಮಿತಿಯುಂಟು. ಆ ಮಿತಿಯನ್ನು ಮೀರಿದರೆ ಮಾಂಸವೇ ವಿಷವಾಗುತ್ತದೆ. ಪಿಷ್ಟವಿಲ್ಲದ ಊಟದಲ್ಲಿ ಶಕ್ತಿಯ ಬಹುಭಾಗ ಕೊಬ್ಬಿನಿಂದಲೇ ಬರಬೇಕು.

ಅಂತೆಯೇ ಆ ವರ್ಷದ ಊಟದಲ್ಲಿ ಶಕ್ತಿಯ ಸುಮಾರು ನೂರಕ್ಕೆ 75ರಿಂದ 85 ಭಾಗ ಕೊಬ್ಬಿನಿಂದಲೂ, 15ರಿಂದ 25 ಭಾಗ ಪ್ರೋಟೀನಿನಿಂದಲೂ, ಕೇವಲ ಒಂದೆರಡು ಭಾಗ ಪಿಷ್ಟ ಸಕ್ಕರೆಗಳಿಂದಲೂ ಬಂದವು. ದನ, ಕುರಿ, ಹಂದಿ, ಕೋಳಿಗಳ ಮಾಂಸದ ಜೊತೆಗೆ ಯಕೃತ್ತು, ಮೂತ್ರಪಿಂಡ, ಮಿದುಳು, ಎಲುಬಿನ ಮಜ್ಜೆಗಳೂ ಸೇರಿದ್ದವು. ವರ್ಷ ಮುಗಿದಾಗ ಸ್ಕರ್ವಿ ಬಂದಿರಲಿಲ್ಲ, ಮೂತ್ರಪಿಂಡಗಳಿಗೆ ಹಾನಿಯಾದ ಲಕ್ಷಣವಿರಲಿಲ್ಲ, ರಕ್ತದ ಒತ್ತಡ ಏರಿರಲಿಲ್ಲ, ಇಬ್ಬರೂ ಲವಲವಿಕೆಯಿಂದಿದ್ದರು. 1930ರಲ್ಲಿ ಮೆಕ್‌ಕ್ಲೆಲನ್ ಮತ್ತು ಡುಬಾಯ್ಸ್ ಇದನ್ನು ಜೀವರಸಾಯನಶಾಸ್ತ್ರದ ಪ್ರತಿಷ್ಠಿತ ಪತ್ರಿಕೆಯಲ್ಲಿ ವರದಿ ಮಾಡಿದರು. ಇದೇ ಪ್ರಯೋಗದ ಇನ್ನೊಂದು ವರದಿಯನ್ನು ಮಾತ್ರ ಸಮರ್ಥಕರು ಅಷ್ಟಾಗಿ ಹೇಳುವುದಿಲ್ಲ: ವರ್ಷದ ಕೊನೆಯಲ್ಲಿ ಸಕ್ಕರೆ ಕುಡಿಸಿ ನೋಡಿದಾಗ ಅದನ್ನು ಅರಗಿಸಿಕೊಳ್ಳುವ ಶಕ್ತಿ ತಾತ್ಕಾಲಿಕವಾಗಿ ಕುಂದಿತ್ತೆಂದು ಟಾಲ್‌ಸ್ಟಾಯ್ ಎಂಬ ವೈದ್ಯ 1929ರಲ್ಲಿ ಬರೆದನು. ಊಟದಲ್ಲಿದ್ದ ಸುಣ್ಣದ ಅಂಶವೂ ಬಹಳ ಕಡಿಮೆಯಾಗಿತ್ತು.

ಕೇಳದೆ ಉಳಿದ ಪ್ರಶ್ನೆ

ಈ ಪ್ರಯೋಗವನ್ನು ನಾವು ಹಗುರವಾಗಿ ಕಾಣಬಾರದು. ತಾಜಾ ಮಾಂಸ, ಸಾಕಷ್ಟು ಕೊಬ್ಬು, ಒಳಾಂಗಗಳು ಇವುಗಳಿಂದಲೇ ಮನುಷ್ಯ ವರ್ಷಕಾಲ ಕೊರತೆಯ ರೋಗಗಳಿಲ್ಲದೆ ಬದುಕಬಲ್ಲನೆಂಬುದನ್ನು ಅದು ಸ್ಥಾಪಿಸಿತು. ತರಕಾರಿಯಿಲ್ಲದಿದ್ದರೆ ಸ್ಕರ್ವಿ ತಪ್ಪದು, ಮಾಂಸದಿಂದ ಮೂತ್ರಪಿಂಡ ತಕ್ಷಣ ಕೆಡುವುದು ಎಂಬ ಅಂದಿನ ಎರಡು ನಂಬಿಕೆಗಳನ್ನು ಅದು ಅಲುಗಾಡಿಸಿತು. 1928ರ ವೈದ್ಯರ ಮನಸ್ಸಿನಲ್ಲಿದ್ದ ಪ್ರಶ್ನೆಗಳು ಇವೇ.

ನಮ್ಮ ಪ್ರಶ್ನೆ ಬೇರೆ. ನಮ್ಮನ್ನು ಕಾಡುವುದು ಸ್ಕರ್ವಿಯಲ್ಲ, ಹೃದಯದ ರಕ್ತನಾಳಗಳಲ್ಲಿ ಕಟ್ಟಿಕೊಳ್ಳುವ ಕೊಬ್ಬಿನ ಪದರ. ಅದು ಇಪ್ಪತ್ತು ಮೂವತ್ತು ವರ್ಷಗಳಲ್ಲಿ, ಯಾವ ನೋವೂ ಇಲ್ಲದೆ ಬೆಳೆಯುತ್ತದೆ. ಒಂದು ವರ್ಷದ ಲವಲವಿಕೆ ಅದರ ವಿಷಯದಲ್ಲಿ ಏನನ್ನೂ ಹೇಳಲಾರದು. ಕೊಲೆಸ್ಟರಾಲನ್ನು ಹೊತ್ತೊಯ್ಯುವ ಕಣಗಳಲ್ಲಿ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂಬ ವಿಂಗಡಣೆ ಆಗಿನ್ನೂ ಇರಲಿಲ್ಲ. ಜೀವಂತ ಮನುಷ್ಯನ ಹೃದಯದ ನಾಳಗಳನ್ನು ಚಿತ್ರಿಸಿ ನೋಡುವ ಉಪಾಯವೂ ಇರಲಿಲ್ಲ. ಇದ್ದವರು ಇಬ್ಬರೇ, ಇಬ್ಬರೂ ಇಂಥ ಊಟವನ್ನು ಮೊದಲೇ ಜೀರ್ಣಿಸಿಕೊಂಡು ಗೆದ್ದವರು. ಬದುಕಬಹುದು ಎಂಬುದು ಒಂದು ಮಾತು, ಬಹುಕಾಲ ಬಾಳಬಹುದು ಎಂಬುದು ಇನ್ನೊಂದು ಮಾತು. ಬೆಲ್‌ವ್ಯೂ ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ.

ಸ್ಟೆಫಾನ್ಸನ್ ಮುಂದೆ 1935–36ರಲ್ಲಿ ಹಾರ್ಪರ್ಸ್ ಮಾಸಪತ್ರಿಕೆಯಲ್ಲಿ ತನ್ನ ಅನುಭವವನ್ನು ಬರೆದನು. 1946ರಲ್ಲಿ ಒಂದು ಪುಸ್ತಕವನ್ನೂ, ಅದನ್ನೇ ವಿಸ್ತರಿಸಿ 1956ರಲ್ಲಿ ಇನ್ನೊಂದನ್ನೂ ಹೊರತಂದನು. ಶಿಲಾಯುಗದ ಊಟವೆಂಬ ಮಾತನ್ನು ಅವನೇ ಬಳಸುತ್ತಿದ್ದನು. ನಡುವಯಸ್ಸು ಮೀರಿದ ಮೇಲೆ ಅವನು ಎಲ್ಲರಂತೆ ಉಣ್ಣುತ್ತಿದ್ದನು. 1950ರ ದಶಕದಲ್ಲಿ ಲಘುವಾದ ಪಾರ್ಶ್ವವಾಯು ಬಡಿದ ನಂತರ ಮತ್ತೆ ಮಾಂಸದ ಊಟಕ್ಕೆ ಮರಳಿದನು. 1962ರಲ್ಲಿ, 82ನೆಯ ವಯಸ್ಸಿನಲ್ಲಿ ತೀರಿಕೊಂಡನು. ಒಂದು ಪಕ್ಷದವರು ಅವನ ದೀರ್ಘಾಯುಷ್ಯವನ್ನೂ ಇನ್ನೊಂದು ಪಕ್ಷದವರು ಅವನ ಪಾರ್ಶ್ವವಾಯುವನ್ನೂ ಸಾಕ್ಷಿಗೆ ಕರೆಯುತ್ತಾರೆ. ಒಬ್ಬ ಮನುಷ್ಯನ ಬಾಳಿನಿಂದ ಎರಡನ್ನೂ ಸಾಧಿಸಲಾಗದು.

ಇನ್ಯೂಯಿಟ್ ಜನರ ನಿಜವಾದ ಸಾಕ್ಷ್ಯ

ಇಬ್ಬರ ಪ್ರಯೋಗ ಸಾಲದೆಂದರೆ, ತಲೆಮಾರುಗಳಿಂದ ಮಾಂಸ ಕೊಬ್ಬುಗಳ ಮೇಲೆ ಬದುಕಿದ ಇಡೀ ಜನಾಂಗವೇ ಇದೆಯಲ್ಲ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. 1970ರಲ್ಲಿ ಡೆನ್ಮಾರ್ಕಿನ ಬಾಂಗ್ ಮತ್ತು ಡೈಯರ್‌ಬರ್ಗ್ ಎಂಬ ವೈದ್ಯರು ಗ್ರೀನ್‌ಲೆಂಡಿನ ಪಶ್ಚಿಮ ತೀರದ ಉಮ್ಮನ್ನಾಕ್ ಪ್ರದೇಶಕ್ಕೆ ಹೋಗಿ 130 ಮಂದಿಯ ರಕ್ತವನ್ನು ಪರೀಕ್ಷಿಸಿದರು. ಅವರ ರಕ್ತದಲ್ಲಿ ಕೊಬ್ಬಿನಂಶ ಡೇನರಿಗಿಂತ ಕಡಿಮೆಯಿದ್ದುದು ಕಂಡುಬಂತು. ಸೀಲ್, ತಿಮಿಂಗಿಲ, ಮೀನುಗಳ ಕೊಬ್ಬಿನಲ್ಲಿರುವ ಒಮೆಗಾ-3 ಆಮ್ಲಗಳೇ ಕಾರಣವೆಂಬ ವಿಚಾರ ಇದರಿಂದ ಹುಟ್ಟಿ, ಮೀನೆಣ್ಣೆಯ ಮಾತ್ರೆಗಳು ಲೋಕವೆಲ್ಲ ಹರಡಿದವು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಕಡಲಪ್ರಾಣಿಗಳ ಈ ಕೊಬ್ಬು ಚಳಿಯಲ್ಲಿಯೂ ದ್ರವವಾಗಿಯೇ ಇರುವಂಥದು. ಕೊಟ್ಟಿಗೆಯಲ್ಲಿ ಧಾನ್ಯ ತಿನ್ನಿಸಿ ಕೊಬ್ಬಿಸಿದ ದನದ ಗಟ್ಟಿಯಾದ ಕೊಬ್ಬಿಗೂ ಅದಕ್ಕೂ ಹೋಲಿಕೆಯಿಲ್ಲ. ಅಲ್ಲದೆ ಇನ್ಯೂಯಿಟ್ ಜನರಲ್ಲಿ ಹೃದ್ರೋಗವೇ ವಿರಳವೆಂಬ ಮಾತನ್ನು ಆ ವೈದ್ಯರು ತಾವಾಗಿ ಎಣಿಸಿ ಹೇಳಿದ್ದಲ್ಲ, ಆರೋಗ್ಯ ಇಲಾಖೆಯ ದಾಖಲೆಗಳನ್ನು ನೆಚ್ಚಿ ಹೇಳಿದ್ದು. ವೈದ್ಯರೇ ವಿರಳವಾಗಿದ್ದ ದೂರದ ಹಳ್ಳಿಗಳ ದಾಖಲೆಗಳು ಎಷ್ಟು ಪೂರ್ಣವೆಂಬ ಪ್ರಶ್ನೆ ಮುಂದೆ ಎದ್ದಿತು. 2003ರಲ್ಲಿಯೂ 2014ರಲ್ಲಿಯೂ ಪ್ರಕಟವಾದ ವಿಮರ್ಶೆಗಳು ಆ ನಂಬಿಕೆಗೆ ಆಧಾರ ದುರ್ಬಲವೆಂದು ತೋರಿಸಿದವು. ಪಾರ್ಶ್ವವಾಯುವಿನಿಂದಾಗುವ ಮರಣವಂತೂ ಆ ಜನರಲ್ಲಿ ಹೆಚ್ಚೇ ಇತ್ತು.

ಇನ್ನೂ ಸ್ವಾರಸ್ಯಕರವಾದದ್ದು ದೇಹಪ್ರಕೃತಿಯ ವಿಷಯ. ಬೆಲ್‌ವ್ಯೂ ಪ್ರಯೋಗ ನಡೆದ 1928ರಲ್ಲಿಯೇ ಹೈನ್‌ಬೆಕರ್ ಎಂಬ ವೈದ್ಯ ಬ್ಯಾಫಿನ್ ದ್ವೀಪದ ಇನ್ಯೂಯಿಟ್ ಜನರ ಮೂತ್ರವನ್ನು ಪರೀಕ್ಷಿಸಿದ ವರದಿ ಪ್ರಕಟವಾಯಿತು. ಪಿಷ್ಟ ತೊರೆದವರ ದೇಹದಲ್ಲಿ ಕೊಬ್ಬು ಉರಿದು ಹುಟ್ಟುವ ಕೀಟೋನು ಎಂಬ ವಸ್ತುಗಳು ಬೆಲ್‌ವ್ಯೂ ಆಸ್ಪತ್ರೆಯ ಇಬ್ಬರಲ್ಲಿಯೂ ವರ್ಷವಿಡೀ ಕಂಡುಬಂದಿದ್ದವು. ತಮ್ಮ ಎಂದಿನ ಊಟದಲ್ಲಿದ್ದ ಇನ್ಯೂಯಿಟ್ ಜನರಲ್ಲಿ ಅವು ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬನ್ನು ಉರಿಸುವ ಕ್ರಿಯೆಯನ್ನು ನಿಧಾನಗೊಳಿಸಿ ಕೀಟೋನುಗಳನ್ನು ಕಡಿಮೆಮಾಡುವ ಒಂದು ವಿಶಿಷ್ಟ ವಂಶವಾಹಿ ಧ್ರುವಪ್ರದೇಶದ ಜನಾಂಗಗಳಲ್ಲಿ ವ್ಯಾಪಕವಾಗಿದೆಯೆಂದು 2014ರಲ್ಲಿಯೂ, ಆಹಾರದ ಕೊಬ್ಬಿನ ಆಮ್ಲಗಳನ್ನು ಸಂಸ್ಕರಿಸುವ ವಂಶವಾಹಿಗಳೂ ಗ್ರೀನ್‌ಲೆಂಡಿನವರಲ್ಲಿ ಬದಲಾಗಿವೆಯೆಂದು 2015ರಲ್ಲಿಯೂ ಸಂಶೋಧಕರು ತೋರಿಸಿದರು. ಸಾವಿರಾರು ವರ್ಷಗಳ ಕಾಲ ಆ ಊಟ ಆ ಜನರನ್ನು ತಿದ್ದಿ ರೂಪಿಸಿದೆ. ಅವರಿಗೆ ಒಗ್ಗಿದ್ದು ಎಲ್ಲರಿಗೂ ಒಗ್ಗೀತೆಂದು ಹೇಳಲಾಗದು.

ಹೆಣಗಳೂ ಸಾಕ್ಷಿ ಹೇಳಿವೆ. ಈಜಿಪ್ಟ್, ಪೆರು, ಅಮೆರಿಕದ ನೈಋತ್ಯ ಭಾಗ, ಅಲಾಸ್ಕದ ಬಳಿಯ ಅಲ್ಯೂಷಿಯನ್ ದ್ವೀಪಗಳು ಈ ನಾಲ್ಕು ಪ್ರದೇಶಗಳ 137 ಪ್ರಾಚೀನ ಶವಗಳನ್ನು ಸಿ.ಟಿ. ಯಂತ್ರದಲ್ಲಿ ಪರೀಕ್ಷಿಸಿದ ವರದಿ 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ನೂರಕ್ಕೆ 34ರಲ್ಲಿ ರಕ್ತನಾಳ ಪೆಡಸಾಗಿದ್ದ ಗುರುತುಗಳಿದ್ದವು. ಬೇಸಾಯವನ್ನೇ ಅರಿಯದೆ ಕಡಲ ಬೇಟೆಯಿಂದ ಬದುಕಿದ್ದ ಅಲ್ಯೂಷಿಯನ್ ದ್ವೀಪದ ಐವರಲ್ಲಿ ಮೂವರಿಗೆ ಆ ಗುರುತುಗಳಿದ್ದವು. ಗುಡಿಸಲೊಳಗಿನ ಹೊಗೆ, ಸೋಂಕುಗಳು ಇವೂ ಕಾರಣವಾಗಿರಬಹುದು. ಐದೇ ಹೆಣಗಳಿಂದ ದೊಡ್ಡ ತೀರ್ಪು ಕೊಡಲಾಗದು. ಆದರೂ ಬೇಟೆಯ ಊಟ ಉಂಡವರಿಗೆ ಈ ರೋಗವೇ ಇರಲಿಲ್ಲವೆಂಬ ಮಾತು ಇನ್ನು ನಿಲ್ಲಲಾರದು.

ಶಿಲಾಯುಗದವರು ತಿಂದದ್ದೇನು?

ಇನ್ನು 'ಶಿಲಾಯುಗ' ಎಂಬ ಮಾತಿಗೆ ಬರೋಣ. 1975ರಲ್ಲಿ ಅಮೆರಿಕದ ಜಠರವೈದ್ಯ ವಾಲ್ಟರ್ ವೇಗ್ಟ್ಲಿನ್ ಶಿಲಾಯುಗದ ಆಹಾರವನ್ನು ಕುರಿತ ಪುಸ್ತಕದಲ್ಲಿ ಮನುಷ್ಯನು ಮೂಲತಃ ಮಾಂಸ ಕೊಬ್ಬುಗಳನ್ನು ತಿನ್ನುವ ಪ್ರಾಣಿಯೆಂದು ವಾದಿಸಿದನು. ಹತ್ತು ವರ್ಷದ ಬಳಿಕ, 1985ರಲ್ಲಿ, ಬಾಯ್ಡ್ ಈಟನ್ ಮತ್ತು ಮೆಲ್ವಿನ್ ಕಾನರ್ ಅವರು ನ್ಯೂ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನವೇ ಈ ವಿಚಾರಕ್ಕೆ ಶಾಸ್ತ್ರೀಯ ಮಾನ್ಯತೆ ತಂದದ್ದು. ಆದರೆ ಅವರ ಅಂದಾಜನ್ನು ಓದಿದರೆ ಅಚ್ಚರಿಯಾಗುತ್ತದೆ. ಶಿಲಾಯುಗದವನ ಊಟದಲ್ಲಿ ಶಕ್ತಿಯ ನೂರಕ್ಕೆ 34 ಭಾಗ ಪ್ರೋಟೀನು, 45 ಭಾಗ ಪಿಷ್ಟ ಸಕ್ಕರೆಗಳು, ಕೊಬ್ಬು 21 ಭಾಗ ಮಾತ್ರ. ಜೊತೆಗೆ ದಿನಕ್ಕೆ 45 ಗ್ರಾಂ ನಾರು! ಕಾಡುಪ್ರಾಣಿಯ ಮೈಯಲ್ಲಿ ಕೊಬ್ಬು ನೂರಕ್ಕೆ ನಾಲ್ಕರಷ್ಟಿದ್ದರೆ ಸಾಕಿ ಕೊಬ್ಬಿಸಿದ ಪ್ರಾಣಿಯಲ್ಲಿ 25ರಿಂದ 30ರಷ್ಟು ಎಂದು ಅವರೇ ತೋರಿಸಿದರು. 2002ರಲ್ಲಿ ಈ ಕ್ರಮವನ್ನು ಜನಪ್ರಿಯಗೊಳಿಸಿದ ಲಾರೆನ್ ಕಾರ್ಡೇನ್ ಅವರೂ ಹೇಳಿದ್ದು ಕೊಬ್ಬಿಲ್ಲದ ಮಾಂಸ, ಮೀನು, ಹಣ್ಣು, ತರಕಾರಿಗಳನ್ನು. ಹೀಗೆ ಪೇಲಿಯೊ ಎಂಬ ಒಂದೇ ಹೆಸರಿನಡಿ ಒಂದಕ್ಕೊಂದು ವಿರುದ್ಧವಾದ ಎರಡು ಊಟಗಳು ಕುಳಿತಿವೆ.

ವಸ್ತುತಃ ಶಿಲಾಯುಗಕ್ಕೆ ಒಂದೇ ಊಟವಿರಲಿಲ್ಲ. 1960ರ ದಶಕದಲ್ಲಿ ರಿಚರ್ಡ್ ಲೀ ಅವರು ಕಲಹರಿಯ ಕುಂಗ್ ಜನರ ನಡುವೆ ಇದ್ದು ನೋಡಿದಾಗ, ಅವರ ಆಹಾರದ ಹೆಚ್ಚಿನ ಭಾಗ ಹೆಂಗಸರು ಆಯ್ದು ತಂದ ಮೊಂಗೊಂಗೊ ಬೀಜ, ಗೆಡ್ಡೆ ಗೆಣಸುಗಳಿಂದ ಬರುತ್ತಿತ್ತು. ಸಮಭಾಜಕಕ್ಕೆ ಹತ್ತಿರದಲ್ಲಿ ಗೆಡ್ಡೆ ಹಣ್ಣುಗಳು, ಧ್ರುವದ ಹತ್ತಿರದಲ್ಲಿ ಮಾಂಸ ಮೀನುಗಳು ಹೆಚ್ಚು. ನೆಲ ಕೊಟ್ಟದ್ದನ್ನು ಮನುಷ್ಯ ತಿಂದ, ಅಷ್ಟೆ. ಉತ್ಖನನದಲ್ಲಿ ಮಾಂಸದ ಕುರುಹುಗಳೇ ಹೆಚ್ಚಾಗಿ ಸಿಗುವುದಕ್ಕೂ ಕಾರಣವಿದೆ. ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪ್ರೊಫೆಸರ್ ಕೆ. ಪದ್ದಯ್ಯ ಅವರು ಅಗೆದು ತೆಗೆದ, ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜು ಮಾಡಲಾದ ನೆಲೆಯಲ್ಲಿ ಉಳಿದಿರುವುದು ಕಲ್ಲಿನ ಆಯುಧಗಳು ಮತ್ತು ಹುಲ್ಲು ಮೇಯುವ ಪ್ರಾಣಿಗಳ ಹಲ್ಲುಗಳು. ಅಲ್ಲಿಯ ಜನ ಕಿತ್ತು ತಿಂದಿರಬಹುದಾದ ಗೆಡ್ಡೆ, ಸೊಪ್ಪು, ಹಣ್ಣು ಯಾವುದೂ ಮಣ್ಣಿನಲ್ಲಿ ಉಳಿಯುವಂಥದಲ್ಲ. ಮಾಂಸದ ಊಟ ಮೂಳೆಯನ್ನು ಬಿಟ್ಟುಹೋಗುತ್ತದೆ, ಸೊಪ್ಪಿನ ಊಟ ಏನನ್ನೂ ಬಿಟ್ಟುಹೋಗುವುದಿಲ್ಲ.

ಅಲ್ಲದೆ ಶಿಲಾಯುಗದಿಂದೀಚೆಗೆ ಮನುಷ್ಯನ ದೇಹ ಬದಲಾಗಲೇ ಇಲ್ಲವೆಂಬುದೂ ಸರಿಯಲ್ಲ. ಬಳ್ಳಾರಿಯ ಸಂಗನಕಲ್ಲಿನ ಸುತ್ತಮುತ್ತ ಸುಮಾರು ಐದು ಸಾವಿರ ವರ್ಷಗಳ ಹಿಂದಿನಿಂದಲೇ ಜನ ದನ ಸಾಕಿ, ಬರಬರುತ್ತ ಕೊರಲೆ, ಹುರುಳಿ, ಹೆಸರುಕಾಳುಗಳನ್ನು ಬೆಳೆದು, ಬಂಡೆಗಳ ಮೇಲೆ ಅರೆದು ಉಂಡರು. ಅಲ್ಲಿಯ ಬೂದಿದಿಬ್ಬಗಳು ಸುಟ್ಟ ಸಗಣಿಯ ರಾಶಿಗಳೇ. ದೊಡ್ಡವರಾದ ಮೇಲೂ ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಜಗತ್ತಿನ ಹಲವು ಜನಾಂಗಗಳಿಗೆ ಬಂದದ್ದು ಪಶುಪಾಲನೆಯ ಈ ಕೆಲವೇ ಸಾವಿರ ವರ್ಷಗಳಲ್ಲಿ.

ಇಂದಿನ ಪ್ರಮಾಣಗಳು

ಚರಿತ್ರೆ ಪ್ರಶ್ನೆಯನ್ನು ಶುದ್ಧಗೊಳಿಸುತ್ತದೆ. ಉತ್ತರಕ್ಕೆ ಇಂದಿನ ಪರೀಕ್ಷೆಗಳನ್ನೇ ನೋಡಬೇಕು. 2007ರಲ್ಲಿ ಸ್ವೀಡನ್ನಿನ ಲಿಂಡೆಬರ್ಗ್ ಮತ್ತು ಸಂಗಡಿಗರು ಹೃದ್ರೋಗವೂ ರಕ್ತದಲ್ಲಿ ಸಕ್ಕರೆಯ ತೊಂದರೆಯೂ ಇದ್ದ 29 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪೇಲಿಯೊ, ಇನ್ನೊಂದಕ್ಕೆ ಮೆಡಿಟರೇನಿಯನ್ ಬಗೆಯ ಊಟವನ್ನು 12 ವಾರ ಕೊಟ್ಟು ನೋಡಿದರು. ಪೇಲಿಯೊ ಗುಂಪಿನವರ ಸಕ್ಕರೆ ಹೆಚ್ಚು ಸುಧಾರಿಸಿತು. ಆ ಊಟದಲ್ಲಿದ್ದುದು ಕೊಬ್ಬು ಕಡಿಮೆಯಿರುವ ಮಾಂಸ, ಮೀನು, ಹಣ್ಣು, ತರಕಾರಿ, ಗೆಡ್ಡೆ, ಬೀಜಗಳು. ಬಿಟ್ಟದ್ದು ಮೈದಾ, ಸಕ್ಕರೆ, ಹಾಲಿನ ಪದಾರ್ಥಗಳು. ಪಿಷ್ಟವನ್ನು ಕಡಿಮೆಮಾಡಿದರೆ ಮಧುಮೇಹಿಗಳ ಸಕ್ಕರೆ ಇಳಿಯುವುದೂ, ಕೆಲವು ತಿಂಗಳು ತೂಕ ಇಳಿಯುವುದೂ ನಿಜ. ಈ ಲಾಭವನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಪ್ರಾಣಿಗಳ ಗಟ್ಟಿ ಕೊಬ್ಬಿನಲ್ಲಿ ಹೇರಳವಾಗಿರುವ ಸಂತೃಪ್ತ ಕೊಬ್ಬು ರಕ್ತದ ಎಲ್.ಡಿ.ಎಲ್. ಕೊಲೆಸ್ಟರಾಲನ್ನು ಏರಿಸುತ್ತದೆ, ಅದು ರಕ್ತನಾಳಗಳಿಗೆ ಹಾನಿಕರ. ಸಂತೃಪ್ತ ಕೊಬ್ಬನ್ನು ಎರಡು ವರ್ಷಕ್ಕೂ ಹೆಚ್ಚು ಕಾಲ ಕಡಿಮೆಮಾಡಿದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆ, ಹೃದಯಾಘಾತವೇ ಮೊದಲಾದ ಘಟನೆಗಳು ನೂರಕ್ಕೆ ಸುಮಾರು 17ರಷ್ಟು ಕಡಿಮೆಯಾದವೆಂದು ತಿಳಿಸಿತು. ಸಾಸೇಜ್, ಬೇಕನ್ ಮೊದಲಾದ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ನೂರಕ್ಕೆ 18ರಷ್ಟು ಹೆಚ್ಚೆಂಬುದು ಅದರ ಲೆಕ್ಕ. ಇನ್ನು, ತುಂಬ ಆರೋಗ್ಯವಾದ ರಕ್ತನಾಳಗಳು ಎಲ್ಲಿ ಕಂಡುಬಂದಿವೆ? 2017ರ ವರದಿಯಂತೆ ಬೊಲಿವಿಯದ ಕಾಡಿನ ತ್ಸಿಮಾನೆ ಜನರಲ್ಲಿ. ಪರೀಕ್ಷಿಸಿದ 705 ಮಂದಿಯಲ್ಲಿ ನೂರಕ್ಕೆ 85 ಮಂದಿಯ ಹೃದಯದ ನಾಳಗಳಲ್ಲಿ ಸುಣ್ಣದ ಲೇಶವೂ ಇರಲಿಲ್ಲ. ಅವರು ಬೇಟೆಯಾಡುತ್ತಾರೆ, ಮೀನು ಹಿಡಿಯುತ್ತಾರೆ, ದಿನವಿಡೀ ನಡೆಯುತ್ತಾರೆ. ಆದರೆ ಅವರ ಊಟದ ನೂರಕ್ಕೆ 72 ಭಾಗ ಶಕ್ತಿ ಬಾಳೆ, ಅಕ್ಕಿ, ಗೆಡ್ಡೆ, ಜೋಳಗಳ ಪಿಷ್ಟದಿಂದ ಬರುತ್ತದೆ.

ಕೊನೆಗೆ ನಮ್ಮವರ ವಿಷಯ. 1991ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ ನಡೆದ ಅಧ್ಯಯನ, ದಕ್ಷಿಣ ಏಷ್ಯಾದವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಕಟ್ಟುವುದೂ ಇನ್ಸುಲಿನ್ನಿಗೆ ದೇಹ ಮಣಿಯದಿರುವುದೂ ಹೆಚ್ಚೆಂದು ತೋರಿಸಿತು. 52 ದೇಶಗಳ ಅಧ್ಯಯನವೊಂದರ 2007ರ ವರದಿಯ ಪ್ರಕಾರ ಮೊದಲ ಹೃದಯಾಘಾತದ ಸರಾಸರಿ ವಯಸ್ಸು ಇತರ ದೇಶಗಳಲ್ಲಿ ಸುಮಾರು 59 ಆದರೆ ದಕ್ಷಿಣ ಏಷ್ಯಾದಲ್ಲಿ 53. ಬೆಲ್‌ವ್ಯೂ ಪ್ರಯೋಗ ಮುಗಿದಾಗ ಸ್ಟೆಫಾನ್ಸನ್ನನಿಗೆ 49 ವರ್ಷ. ಅವನ ಪ್ರಯೋಗ ಎಲ್ಲಿಗೆ ಮುಗಿಯಿತೋ ನಮ್ಮ ಅಪಾಯ ಅಲ್ಲಿಂದಲೇ ಆರಂಭವಾಗುತ್ತದೆ.

ಆದ್ದರಿಂದ ನಮ್ಮ ನಿಲುವು ಇಷ್ಟು. ಮಾಂಸ ತಿನ್ನುವವರು ಮೀನು, ಕೋಳಿ, ಕೊಬ್ಬು ಕಡಿಮೆಯಿರುವ ಮಾಂಸಗಳನ್ನು ಸೊಪ್ಪು ತರಕಾರಿ ಕಾಳುಗಳ ಜೊತೆಗೆ ಮಿತವಾಗಿ ತಿಂದರೆ ಅನಾರೋಗ್ಯವೆಂದು ಹೆದರಬೇಕಾಗಿಲ್ಲ. ಪ್ರಾಣಿಗಳ ಕೊಬ್ಬನ್ನೇ ಊಟದ ಮುಖ್ಯಭಾಗವಾಗಿಸಿದರೆ ದೀರ್ಘಕಾಲ ಕ್ಷೇಮವೆಂಬುದಕ್ಕೆ ಬೆಲ್‌ವ್ಯೂ ಆಗಲಿ, ಇನ್ಯೂಯಿಟ್ ಜನರಾಗಲಿ, ಶಿಲಾಯುಗವಾಗಲಿ ಸಾಕ್ಷಿ ಹೇಳುವುದಿಲ್ಲ. ತಟ್ಟೆ ತುಂಬ ಬಿಳಿ ಅನ್ನ, ಮೇಲೆ ಧಾರಾಳ ತುಪ್ಪ, ಕೊನೆಯಲ್ಲಿ ಸಿಹಿ ಎಂಬ ನಮ್ಮ ಹಬ್ಬದ ಊಟವನ್ನು ದಿನನಿತ್ಯ ಉಣ್ಣುವ ಸಸ್ಯಾಹಾರಿಗಳೂ ಇದರಿಂದ ಗೆದ್ದೆವೆಂದು ತಿಳಿಯಬೇಕಾಗಿಲ್ಲ. ಆ ವಿಷಯದಲ್ಲಿ ಪೇಲಿಯೊದವರ ಟೀಕೆ ನ್ಯಾಯವಾದದ್ದೇ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಪಿಷ್ಟವನ್ನು ಒಮ್ಮೆಗೇ ಬಿಟ್ಟರೆ ಪ್ರಾಣಾಪಾಯವೂ ಒದಗಬಹುದು. ಯಾವ ಕ್ರಮವನ್ನೇ ಹಿಡಿಯಲಿ, ಎರಡು ಮೂರು ತಿಂಗಳ ನಂತರ ರಕ್ತವನ್ನು ಪರೀಕ್ಷಿಸಿಕೊಂಡು ಎಲ್.ಡಿ.ಎಲ್. ಏರಿದೆಯೋ ಇಳಿದಿದೆಯೋ ನೋಡುವುದು ವಿವೇಕ.

ಸ್ಟೆಫಾನ್ಸನ್ ತನ್ನ ಕಾಲದ ವೈದ್ಯರಿಗೆ, ನಿಮ್ಮ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿರೆಂದು ಹೇಳಿದನು. ಆ ಮಾತಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ ಅವನ ನಂಬಿಕೆಯನ್ನೂ ಅದೇ ಪರೀಕ್ಷೆಗೆ ಒಡ್ಡುವುದು.